ಸಾಕಿದ ಇಲಿಗೆ ಉಬ್ಬಸ: ವಾಸಿಯಾದೀತೆ?

ಪ್ರಶ್ನೆ: ಮನೆಯಲ್ಲಿ ಸಾಕಿದ ಬಿಳಿ ಇಲಿ ಸದಾ ಗೊರಗೊರ ಉಸಿರಾಡುತ್ತದೆ. ಏನು ಮಾಡಬೇಕು?

ಪೂರ್ತಿ ವಾಸಿಯಾಗುವುದು ಅಪರೂಪ, ಹತೋಟಿಯಲ್ಲಿಡಬಹುದು. ಇದಕ್ಕೆ ಬಹುಮಟ್ಟಿಗೆ ಕಾರಣ ಮೈಕೊಪ್ಲಾಸ್ಮಾ ಪಲ್ಮೊನಿಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಪಶುವೈದ್ಯರು ತೂಕ ನೋಡಿ ಡಾಕ್ಸಿಸೈಕ್ಲಿನ್ ಅಥವಾ ಎನ್ರೊಫ್ಲಾಕ್ಸಸಿನ್ ಕೊಡುತ್ತಾರೆ.

ಮೂಗಿನ ಸುತ್ತ ಅಂಟುವ ಕೆಂಪು ಸಾಮಾನ್ಯವಾಗಿ ರಕ್ತವಲ್ಲ, ಪಾರ್ಫಿರಿನ್ ಎಂಬ ಬಣ್ಣ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ ಎಂಬ ಬೇಯಿಸುವ ಮನೆಗಳ ಸೌದೆ ಹೊಗೆ ಊರಿಗೆಲ್ಲ ಕವಿಯುತ್ತದೆ. ಇಲಿ ಉಸಿರಾಡುವುದು ಮುಖ್ಯವಾಗಿ ಮೂಗಿನಿಂದಲೇ, ಹೊಗೆ ಅದನ್ನು ಕೆರಳಿಸುತ್ತದೆ; ಹಾಗಾಗಿ ಆಗ ಪಂಜರವನ್ನು ಒಳಕೋಣೆಗೆ ಸರಿಸಲೇಬೇಕು. ಮರದ ಹೊಟ್ಟಿನ ಬದಲು ಕಾಗದದ ಚೂರು ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಬೇಕು. ಮೂತ್ರದ ಅಮೋನಿಯ ಈ ಕಾಯಿಲೆಯನ್ನು ಕೆರಳಿಸುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು.