ಗಾಯದೊಳಗಿನ ನೀರು, ಅದನ್ನು ತಡೆಯುವ ಅಂಟು

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿ ಗಾಯದ ಬಳಿ ಊತ ಕಾಣಿಸಿದರೆ, ‘ಗಡ್ಡೆ ಮರಳಿತೇ?’ ಎಂದು ಮನೆಯವರು ಕಂಗಾಲಾಗುತ್ತಾರೆ. ಬಹುಮಟ್ಟಿಗೆ ಅದು ಗಡ್ಡೆಯಲ್ಲ, ನೀರು. ವೈದ್ಯರು ಅದನ್ನು ಸೆರೋಮಾ ಎನ್ನುತ್ತಾರೆ. ಗಡಿಭಾಗದ ನಮ್ಮ ಮನೆಗಳಲ್ಲಿ ಮರಾಠಿ ವೈದ್ಯರ ಮಾತನ್ನು ಕನ್ನಡದ ತಾಯಿಗೆ ತಲುಪಿಸುವವರು ಓದುತ್ತಿರುವ ಮಕ್ಕಳೇ. ಆದುದರಿಂದ ಈ ವಿಷಯ ನಿಮಗೂ ಸಂಬಂಧಿಸಿದ್ದು.

ಸ್ತನವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಾಗ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಟೊಳ್ಳು ಉಳಿಯುತ್ತದೆ. ತುಂಡಾದ ಸೂಕ್ಷ್ಮ ನಾಳಗಳಿಂದ ಒಸರುವ ದ್ರವ ಅಲ್ಲಿ ನಿಲ್ಲುತ್ತದೆ. ಅದನ್ನು ಹೊರಹಾಕಲೆಂದೇ ಕೊಳವೆ ಇಟ್ಟಿರುತ್ತಾರೆ. ಕೊಳವೆ ತೆಗೆದ ಮೇಲೂ ನೀರು ತುಂಬಿದರೆ ಸೂಜಿಯಿಂದ ಸೆಳೆಯಬೇಕಾಗಬಹುದು. ಇದರಿಂದ ಗಾಯ ಮಾಯುವುದು ನಿಧಾನವಾಗುತ್ತದೆ. ಕೆಲವೊಮ್ಮೆ ಮುಂದಿನ ಚಿಕಿತ್ಸೆಯೂ ತಡವಾಗುತ್ತದೆ.

ಆ ಟೊಳ್ಳನ್ನೇ ಅಂಟಿಸಿ ಮುಚ್ಚಿದರೆ? ಫೈಬ್ರಿನ್ ಅಂಟಿನ ಹಿಂದಿರುವುದು ಇದೇ ಆಲೋಚನೆ. ಫೈಬ್ರಿನೋಜನ್, ಥ್ರಾಂಬಿನ್ ಎಂಬೆರಡು ದ್ರವ್ಯಗಳನ್ನು ಬೇರೆ ಬೇರೆ ಇರಿಸಿ, ಗಾಯದ ಮೇಲೆ ಒಟ್ಟುಗೂಡಿಸುತ್ತಾರೆ. ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವೇ ಅಲ್ಲಿ ಕೃತಕವಾಗಿ ನಡೆಯುತ್ತದೆ.

ಆಲೋಚನೆ ಸೊಗಸಾದುದು, ಫಲಿತಾಂಶ ಅಷ್ಟು ಸೊಗಸಲ್ಲ. 18 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2013ರ ಕೊಕ್ರೇನ್ ವಿಮರ್ಶೆಯ ಪ್ರಕಾರ, ಹೊರಬಂದ ದ್ರವದ ಒಟ್ಟು ಪ್ರಮಾಣ ಕಡಿಮೆಯಾದರೂ ಸೆರೋಮಾ ಆಗುವವರ ಪ್ರಮಾಣವಾಗಲಿ, ಸೋಂಕಾಗಲಿ, ಆಸ್ಪತ್ರೆಯ ವಾಸವಾಗಲಿ ಕುಗ್ಗಲಿಲ್ಲ. ಚರ್ಮವನ್ನು ಸ್ನಾಯುವಿಗೆ ಅಲ್ಲಲ್ಲಿ ಹೊಲಿದು ಟೊಳ್ಳನ್ನು ಮುಚ್ಚುವುದು ಇನ್ನೊಂದು ದಾರಿ. ರೋಗ ಹರಡಿಲ್ಲದವರಲ್ಲಿ ಮೊದಲ ಕೆಲವೇ ಗ್ರಂಥಿಗಳನ್ನು ತೆಗೆದು ಪರೀಕ್ಷಿಸಿ, ಉಳಿದವನ್ನು ಹಾಗೆಯೇ ಬಿಡುವುದು ಮತ್ತೊಂದು. ಕಡಿದದ್ದು ಕಡಿಮೆಯಾದಷ್ಟೂ ಒಸರುವುದೂ ಕಡಿಮೆ. ಹೀಗಾಗಿ, ದುಬಾರಿ ಅಂಟು ಬಳಸಲಿಲ್ಲವೆಂದು ತಾಯಿಗೆ ಅನ್ಯಾಯವಾಯಿತೆಂದು ಯಾರೂ ಕೊರಗಬೇಕಿಲ್ಲ.

ಕೊನೆಗೆ, ಶಬ್ದದ ಮಾತು. ತಿಳಿಹಳದಿ ದ್ರವ ‘ನೀರು’, ಮರಾಠಿಯಲ್ಲಿ ‘ಪಾಣೀ’. ಸೋಂಕಿನಿಂದಾದದ್ದು ‘ಕೀವು’, ಮರಾಠಿಯಲ್ಲಿ ಅದು ‘ಪೂ’. ಹಳಗನ್ನಡ ಓದುವ ನಿಮಗೆ ‘ಪೂ’ ಎಂದರೆ ಹೂವು! ಈ ಎರಡನ್ನು ಅದಲುಬದಲು ಮಾಡಿ ಹೇಳಿದರೆ ಚಿಕಿತ್ಸೆಯೇ ದಾರಿ ತಪ್ಪೀತು. ಜ್ವರ, ಕೆಂಪು, ಹೆಚ್ಚುತ್ತಿರುವ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಂಡದ್ದನ್ನು ಕಂಡಂತೆ ಹೇಳುವುದೇ ಅಲ್ಲಿ ನಿಮ್ಮ ಭಾಷಾಜ್ಞಾನದ ಪರೀಕ್ಷೆ.