ಫ್ರೀಜರಿನಲ್ಲಿ ಉಳಿದ ಸಾಕ್ಷಿ

1955ರ ನೆರೆ ಇಳಿದ ಮೇಲೆ ದೆಹಲಿಯಲ್ಲಿ ಯಮುನೆ ಪಾತ್ರ ಬದಲಿಸಿತು. ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಜಾಗಕ್ಕೇ ಬಂದು ಸೇರಿತು. ಎಂಜಿನಿಯರುಗಳೇನೂ ನಿದ್ದೆ ಹೋಗಿರಲಿಲ್ಲ, ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್ ಏರಲಿಲ್ಲ. ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ, ಡಿಸೆಂಬರಿನಲ್ಲಿ ಕಾಮಾಲೆ ಎದ್ದಿತು. ಸುಮಾರು 29,300 ಮಂದಿ ಹಾಸಿಗೆ ಹಿಡಿದರು.

ಇದು ಹೆಪಟೈಟಿಸ್ ಎ ಎಂದು ಎರಡು ದಶಕ ಎಲ್ಲರೂ ನಂಬಿದರು. ಅನುಮಾನಕ್ಕೆ ಎಡೆ ಇಲ್ಲದೆ ಇರಲಿಲ್ಲ. ನಮ್ಮ ದೇಶದಲ್ಲಿ ಆಗ ಎ ಬಾಲ್ಯದಲ್ಲೇ ಬಂದು ಹೋಗುತ್ತಿತ್ತು. ಇಲ್ಲಿ ಮಲಗಿದವರು ಹರೆಯದವರು.

1978ರ ಚಳಿಗಾಲದಲ್ಲಿ ಕಾಶ್ಮೀರದ ಹಳ್ಳಿಗಳು ಕಾಮಾಲೆಯಿಂದ ಹಳದಿಯಾದವು. ಗರ್ಭಿಣಿಯರು ಕಣ್ಣೆದುರೇ ಸಾಯತೊಡಗಿದರು. ಯುವ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಹಿಮದಲ್ಲೇ ಮನೆ ಮನೆ ಅಲೆದು ರೋಗಿಗಳ ಲೆಕ್ಕ ಹಿಡಿದರು, ರಕ್ತ ಸಂಗ್ರಹಿಸಿದರು. ಪರೀಕ್ಷೆಯಲ್ಲಿ ಎ ಅಲ್ಲ, ಬಿ ಕೂಡ ಅಲ್ಲ. ಇದು ಬೇರೆಯೇ ವೈರಸ್ ಇರಬಹುದೆಂದು 1980ರಲ್ಲಿ ಬರೆದರು.

ಅದೇ ವರ್ಷ ಇನ್ನೊಂದು ಬಾಗಿಲು ತೆರೆಯಿತು. ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಹಿಡಿದಿದ್ದ ಪುಣೆಯ ವೈರಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಖೊರ್ಷೆದ್ ಪಾವ್ರಿ ಮತ್ತಿತರರು, ಅಮೆರಿಕದ ರಾಬರ್ಟ್ ಪರ್ಸೆಲ್ ತಂಡದ ಜೊತೆಗೂಡಿ ದೆಹಲಿ ರೋಗಿಗಳ ರಕ್ತದ್ರವವನ್ನು ಪರೀಕ್ಷಿಸಿದರು. ಕಾಲು ಶತಮಾನದಿಂದ ಹೆಪ್ಪುಗಟ್ಟಿ ಕೂತಿದ್ದ ರಕ್ತದ್ರವ ಅದು. ಅದರಲ್ಲೂ ಎ ಕಾರಣವಲ್ಲ ಎಂದೇ ಗೊತ್ತಾಯಿತು.

ಆದರೆ ವೈರಸ್ಸನ್ನು ಯಾರೂ ಕಂಡಿರಲಿಲ್ಲ. ಅದನ್ನು ಕಂಡವರು ಸೋವಿಯತ್ ವೈರಸ್ ತಜ್ಞ ಮಿಖಾಯಿಲ್ ಬಲಾಯಾನ್. ಅಫ್ಘಾನಿಸ್ತಾನದ ಸೋವಿಯತ್ ಸೈನಿಕರಲ್ಲಿ ಕಾಮಾಲೆ ಹಬ್ಬಿದಾಗ ಮಾದರಿಗಳನ್ನು ತಣ್ಣಗಿಟ್ಟು ಮಾಸ್ಕೋಗೆ ಒಯ್ಯುವ ಅನುಕೂಲ ಇರಲಿಲ್ಲವಂತೆ. ಒಂಬತ್ತು ರೋಗಿಗಳ ಮಲದ ಸಾರವನ್ನು ಮೊಸರಿನಲ್ಲಿ ಕಲಸಿ ತಾವೇ ನುಂಗಿದರು! ಇಂಥ ಹುಚ್ಚುತನಕ್ಕೆ ಇಂದು ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮೂವತ್ತಾರನೆಯ ದಿನ ಕಾಮಾಲೆ ಬಂತು. ಅವರದೇ ಮಲದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, 27–30 ನ್ಯಾನೋಮೀಟರಿನ ಉರುಟು ಕಣಗಳು ಕಂಡವು. 1990ರಲ್ಲಿ ಅದರ ವಂಶವಾಹಿಯ ತುಣುಕು ಸಿಕ್ಕಿತು. ಹೆಪಟೈಟಿಸ್ ಇ ಎಂಬ ಹೆಸರು ನಿಂತಿತು.

ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಅಮೆರಿಕದ ಹಂದಿಗಳಲ್ಲಿ ಇದರ ದಾಯಾದಿ ಸಿಕ್ಕಿತು. 2003ರಲ್ಲಿ ಜಪಾನಿನಲ್ಲಿ ಜಿಂಕೆಯ ಹಸಿ ಮಾಂಸ ತಿಂದ ನಾಲ್ವರಿಗೆ ಕಾಮಾಲೆ ಬಂದಾಗ, ಮಿಕ್ಕ ಮಾಂಸ ಫ್ರೀಜರಿನಲ್ಲೇ ಇತ್ತು. ಅದರಲ್ಲಿದ್ದ ವೈರಸ್ಸೂ ರೋಗಿಗಳದ್ದೂ ಒಂದೇ. ಮಾಂಸದಿಂದ ಮನುಷ್ಯನಿಗೆ ದಾಟುವುದಕ್ಕೆ ನೇರ ಪುರಾವೆ ಅದು.

ಹಾಗಾದರೆ ಭಾರತದಲ್ಲೂ ಹಂದಿಯೇ ಮೂಲವೇ? ಪುಣೆಯ ವಿದ್ಯಾ ಅರಣಕಲ್ಲೆ ತಂಡ 2002ರಲ್ಲಿ ಉತ್ತರ ಕೊಟ್ಟಿತ್ತು: ಪಶ್ಚಿಮ ಭಾರತದ ಹಂದಿಗಳಲ್ಲಿ ಇರುವುದು ಈ ವೈರಸ್ಸಿನ ನಾಲ್ಕನೆಯ ಬಗೆ (ಜೀನೋಟೈಪ್), ರೋಗಿಗಳಲ್ಲಿ ಒಂದನೆಯದು. ಒಂದನೆಯದು ಮನುಷ್ಯರಲ್ಲೇ ಉಳಿಯುವಂಥದ್ದು. ಮಲದಿಂದ ಕುಡಿಯುವ ನೀರಿಗೆ, ನೀರಿನಿಂದ ಹೊಟ್ಟೆಗೆ ಅದರ ದಾರಿ.

ಆ ದಾರಿ ನಮ್ಮ ಕರಾವಳಿಯಲ್ಲೂ ತೆರೆದೇ ಇದೆ. ಅಜೆಕಾರು, ಕಾರ್ಕಳದ ಕಡೆ ಹೆಚ್ಚಾಗಿ ಕುಡಿಯುವುದು ಬಾವಿ ನೀರು. ಮುರಕಲ್ಲಿನ ನೆಲದಲ್ಲಿ ಮಳೆಗಾಲದ ನೀರು ಸುಲಭವಾಗಿ ಜಿನುಗುತ್ತದೆ. ಮನೆಯಲ್ಲಿ ಕಾಮಾಲೆ ಕಂಡರೆ ಮದ್ದಿಗೆಂದು ನೆಲನೆಲ್ಲಿ ಹುಡುಕುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ಬಾವಿಗೂ ಶೌಚದ ಗುಂಡಿಗೂ ಎಷ್ಟು ಅಂತರವಿದೆ ನೋಡಬೇಕು, ನೀರನ್ನು ಕುದಿಸಿಯೇ ಕುಡಿಯಬೇಕು. ಬಸುರಿ ಹೆಂಗಸಿದ್ದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.