ನೌಕರನ ಸಾವು, ಮಾಲೀಕನ ಕ್ಲೇಮು

ವಿನ್-ಡಿಕ್ಸಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ದಿನಸಿ ಮಳಿಗೆಗಳನ್ನು ನಡೆಸುವ ಕಂಪನಿ. 1993ರಲ್ಲಿ ಅದು ತನ್ನ ಸುಮಾರು 36,000 ನೌಕರರ ಜೀವಕ್ಕೆ ವಿಮೆ ಮಾಡಿಸಿತು. ಪ್ರೀಮಿಯಂ ಕಟ್ಟಿದ್ದು ಕಂಪನಿ, ಫಲಾನುಭವಿಯೂ ಕಂಪನಿಯೇ. ನೌಕರ ಸತ್ತರೆ ಹಣ ಹೋಗುವುದು ಅವನ ಮನೆಗಲ್ಲ, ಕಂಪನಿಯ ಖಾತೆಗೆ. ಸಲಹೆಗಾರರ ಪತ್ರವೊಂದು ಹೀಗೆ ತೀರಿಕೊಂಡವರನ್ನು 'ಸತ್ತ ಒಕ್ಕಲು' ಎಂದು ಕರೆದಿತ್ತು. ಆ ಹೆಸರೇ ಮುಂದೆ ಇಂಥ ವಿಮೆಗೆಲ್ಲ ಅಂಟಿಕೊಂಡಿತು.

ಪರರ ಸಾವಿನ ಮೇಲೆ ದುಡ್ಡು ಹೂಡುವುದು ಹಳೆಯ ಚಾಳಿ. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ರಾಜ, ಮಂತ್ರಿಗಳ ಜೀವದ ಮೇಲೂ ವಿಮೆಯ ಹೆಸರಿನಲ್ಲಿ ಪಣ ಕಟ್ಟುತ್ತಿದ್ದರು. 1774ರಲ್ಲಿ ಬ್ರಿಟಿಷ್ ಸಂಸತ್ತು ಇದನ್ನು ಜೂಜೆಂದು ಪರಿಗಣಿಸಿ ನಿಷೇಧಿಸಿತು. ಯಾರ ಜೀವಕ್ಕೆ ವಿಮೆ ಮಾಡಿಸುತ್ತೀರೋ ಆ ಜೀವದಲ್ಲಿ ನಿಮಗೆ ಹಿತಾಸಕ್ತಿ ಇರಬೇಕು ಎಂಬುದು ಆ ಕಾಯ್ದೆಯ ತಿರುಳು. ಅಂದರೆ ಕಾನೂನು ಕೇಳುವ ಪ್ರಶ್ನೆ ಒಂದೇ: ಈತ ಸತ್ತರೆ ನಿನಗೇನು ನಷ್ಟ? ಹೆಂಡತಿ ಮಕ್ಕಳಿಗೆ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಸಾಲ ಕೊಟ್ಟವನ ಬಳಿಯೂ ಉತ್ತರವಿದೆ. ಕಂಪನಿಗಳು ತಮ್ಮ ಮುಖ್ಯಸ್ಥನ, ಮುಖ್ಯ ಎಂಜಿನಿಯರನ ಹೆಸರಿನಲ್ಲಿ ಮಾಡಿಸುವ ಕೀಮ್ಯಾನ್ ವಿಮೆಯೂ ಇದೇ ತರ್ಕದ ಮೇಲೆ ನಿಂತಿದೆ. ಅಂಥವರು ಹೋದರೆ ವ್ಯವಹಾರವೇ ಕುಸಿಯಬಹುದು.

ಹಾಗಾದರೆ ಗಲ್ಲಾದಲ್ಲಿ ಕೂರುವವರು, ನೆಲ ಒರೆಸುವವರು ಈ ಪಟ್ಟಿಗೆ ಬಂದದ್ದು ಹೇಗೆ? ತೆರಿಗೆಯ ದಾರಿಯಲ್ಲಿ. ಪಾಲಿಸಿಯೊಳಗೆ ಬೆಳೆಯುವ ಹಣಕ್ಕೆ ವರ್ಷ ವರ್ಷ ತೆರಿಗೆಯಿಲ್ಲ, ಸಾವಿನ ನಂತರ ಬರುವ ಮೊತ್ತಕ್ಕೂ ಆಗ ಇರಲಿಲ್ಲ. ಅದೇ ಪಾಲಿಸಿಯ ಮೇಲೆ ಸಾಲ ಎತ್ತಿದರೆ ಕಟ್ಟುವ ಬಡ್ಡಿಯನ್ನು ಖರ್ಚೆಂದು ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದಿತ್ತು. ಇದಕ್ಕೆ ಕಡಿವಾಣ ಹಾಕಲು 1986ರಲ್ಲಿ ಅಮೆರಿಕ ಒಂದು ಮಿತಿ ತಂದಿತು: ವಿಮೆಗೊಳಪಟ್ಟ ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ 50,000 ಡಾಲರ್‌ವರೆಗಿನ ಸಾಲದ ಬಡ್ಡಿಗೆ ಮಾತ್ರ ವಿನಾಯಿತಿ. ಮಿತಿ ತಲೆಗಿಷ್ಟು ಎಂದಾದಾಗ ಕಂಪನಿಗಳು ತಲೆಗಳನ್ನೇ ಹೆಚ್ಚಿಸಿದವು. ಕೆಲವು ಅಧಿಕಾರಿಗಳ ಜಾಗಕ್ಕೆ ಸಾವಿರಾರು ಕೆಲಸಗಾರರು ಬಂದರು. ವಾಲ್‌ಮಾರ್ಟ್ ಒಂದೇ ಸುಮಾರು 3.5 ಲಕ್ಷ ನೌಕರರಿಗೆ ವಿಮೆ ಮಾಡಿಸಿತು.

ವಿನ್-ಡಿಕ್ಸಿ ತನ್ನ ಪಾಲಿಸಿಗಳ ಮೇಲೆ ಶೇ 11ಕ್ಕೂ ಹೆಚ್ಚು ಬಡ್ಡಿಗೆ ಸಾಲ ಎತ್ತಿತು. ತೆರಿಗೆಯನ್ನು ಬದಿಗಿಟ್ಟು ನೋಡಿದರೆ ಯೋಜನೆ ನಷ್ಟದ್ದೇ. ತೆರಿಗೆ ಉಳಿತಾಯ ಸೇರಿಸಿದರೆ 60 ವರ್ಷಗಳಲ್ಲಿ ಶತಕೋಟಿಗಟ್ಟಲೆ ಡಾಲರ್ ಲಾಭ! 1996ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಬಡ್ಡಿ ವಿನಾಯಿತಿಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ವಿನ್-ಡಿಕ್ಸಿಯ ಯೋಜನೆ ಬರೀ ತೆರಿಗೆ ತಪ್ಪಿಸುವ ಹುನ್ನಾರವೆಂದು 1999ರಲ್ಲಿ ತೆರಿಗೆ ನ್ಯಾಯಾಲಯ ಹೇಳಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ತಮ್ಮ ಹೆಸರಿನಲ್ಲಿ ಪಾಲಿಸಿ ಇದೆಯೆಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಕೆಲಸ ಬಿಟ್ಟು ಹೋದವರ ಪಾಲಿಸಿಯನ್ನೂ ಕಂಪನಿ ಉಳಿಸಿಕೊಳ್ಳಬಹುದಿತ್ತು. 2002ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಇದನ್ನು ಬಯಲಿಗೆಳೆಯಿತು. ಟೆಕ್ಸಾಸ್‌ನಲ್ಲಿ ಮೃತರ ಕುಟುಂಬಗಳು ವಾಲ್‌ಮಾರ್ಟ್ ವಿರುದ್ಧ ಕೋರ್ಟಿಗೆ ಹೋದವು. ಅಲ್ಲಿನ ಕಾನೂನಿನಂತೆ ಸಾಮಾನ್ಯ ನೌಕರನ ಜೀವದಲ್ಲಿ ಕಂಪನಿಗೆ ವಿಮೆ ಮಾಡಿಸುವಷ್ಟು ಹಿತಾಸಕ್ತಿ ಇಲ್ಲವೆಂದು 2004ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಕುಟುಂಬ ಕಳೆದುಕೊಂಡದ್ದೇನೂ ಇಲ್ಲ, ಈ ಹಣದಿಂದ ನಿವೃತ್ತರ ವೈದ್ಯಕೀಯ ವೆಚ್ಚ ಭರಿಸುತ್ತೇವೆ ಎಂಬುದು ಕಂಪನಿಗಳ ಸಮರ್ಥನೆ. ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೆಲಸದ ಜಾಗದ ಸುರಕ್ಷತೆ ಯಾರ ಹೊಣೆಯೋ ಅವರಿಗೇ ಕೆಲಸಗಾರನ ಸಾವು ಆದಾಯವಾಗುತ್ತದೆ. ಕೊಲೆಯ ಶಂಕೆಯವರೆಗೆ ಹೋಗಬೇಕಾಗಿಲ್ಲ. ಒಬ್ಬನ ಸಾವನ್ನು ಅವನ ಬೆನ್ನ ಹಿಂದೆ ಬಂಡವಾಳ ಮಾಡಿಕೊಂಡದ್ದೇ ಸಾಕಷ್ಟು ದೊಡ್ಡ ಅನ್ಯಾಯ. 2012ರ ತಮ್ಮ ಪುಸ್ತಕದಲ್ಲಿ ಹಾರ್ವರ್ಡ್‌ನ ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ ಈ ವಿಮೆಯನ್ನು ಚರ್ಚೆಗೆ ತಂದದ್ದೂ ಮಾರುಕಟ್ಟೆಯ ಎಲ್ಲೆ ಎಲ್ಲಿ ಎಂದು ಕೇಳಲೆಂದೇ.

2006ರ ಅಮೆರಿಕದ ಕಾನೂನು ಲಿಖಿತ ಸೂಚನೆ, ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಕಟ್ಟಿದ ಪ್ರೀಮಿಯಂಗಿಂತ ಹೆಚ್ಚಾಗಿ ಬಂದ ಹಣಕ್ಕೆ ತೆರಿಗೆ ಹಾಕುತ್ತದೆ. ಗುಟ್ಟು ಹೋಯಿತು, ಒಳ್ಳೆಯದೇ. ಆದರೆ 'ನಿನಗೇನು ನಷ್ಟ' ಎಂಬ ಪ್ರಶ್ನೆಯ ಜಾಗದಲ್ಲಿ 'ಅವನು ಒಪ್ಪಿದ್ದಾನೆಯೇ' ಎಂಬುದು ಬಂದು ಕೂತಿತು. ಕೆಲಸ ಕೊಡುವವರು ಕಾಗದ ಮುಂದಿಟ್ಟರೆ ಸಹಿ ಹಾಕುವುದಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಮಾಲೀಕ ಪ್ರೀಮಿಯಂ ಕಟ್ಟುವುದೇ ತಪ್ಪೆಂದಲ್ಲ. ನಮ್ಮ ಪಿಎಫ್ ಜೊತೆಗಿರುವ 1976ರ ಠೇವಣಿ ಆಧಾರಿತ ವಿಮಾ ಯೋಜನೆಗೂ ಮಾಲೀಕನೇ ವೇತನದ ಶೇ 0.5ರಷ್ಟು ಕಟ್ಟುತ್ತಾನೆ, ನೌಕರ ಸೇವೆಯಲ್ಲಿದ್ದಾಗ ತೀರಿಕೊಂಡರೆ ಗರಿಷ್ಠ 7 ಲಕ್ಷ ರೂಪಾಯಿ ಸೇರುವುದು ಅವನ ಕುಟುಂಬಕ್ಕೆ. ನೌಕರನ ಜೀವಕ್ಕೆ ವಿಮೆ ಮಾಡಿಸಬಯಸುವ ಕಂಪನಿ ಅವನ ಸಹಿ ಕೇಳುವ ಕಾಗದದಲ್ಲೇ ಕುಟುಂಬದ ಪಾಲೆಷ್ಟು ಎಂದೂ ಬರೆಯಲಿ.